ಖಾಲಿ ಪಿಕಪ್ಪಿಗೆ ಒಂದಿಷ್ಟು ಭಾರ

ಎಮ್ಮೆ ಪಿಕಪ್ಪಿನಿಂದ ಹಾರಬಹುದು. ಹಾರದಿದ್ದರೆ ಕುಸಿದು ಕೂಡಬಹುದು. ಕೂತದ್ದು ಏಳದೇ ಇರಬಹುದು. ಎದ್ದರೆ ಹಗ್ಗ ಕುತ್ತಿಗೆಗೆ ಸುತ್ತಿಕೊಳ್ಳಬಹುದು. ಗಬ್ಬದ ಎಮ್ಮೆ ಬೇರೆ, ಮಸ್ಕಿಯ ರೋಡ್ ಹಂಪುಗಳಿಗೆ ಅಲುಗಾಡಿ ದಾರಿಯಲ್ಲೇ ಕರು ಹಾಕಬಹುದು. ಆಗ ಏನು ಮಾಡಬೇಕೆಂದು ನನಗಾಗಲಿ ಎದುರಿನ ಹೋಟೆಲಿನವರಿಗಾಗಲಿ ತಿಳಿಯದೇ ಹೋಗಬಹುದು. ಮುಂದಿನ ಟೈರು ಒಡೆಯಬಹುದು. ಸ್ಟೆಪ್ನಿ ಇದೆ, ಆದರೆ ಅದರಲ್ಲಿ ಗಾಳಿ ಇಲ್ಲದಿರಬಹುದು. ಗಾಳಿ ಇದ್ದರೆ ಜಾಕ್ ಕೈಕೊಡಬಹುದು. ಜಾಕ್ ಏರಿತೆಂದರೆ ಸರಿಯಾಗಿ ಆ ಗಳಿಗೆಗೇ ಮೇಲಿನ ಎಮ್ಮೆ ಒಂದು ಹೆಜ್ಜೆ ಎಡಕ್ಕೆ ಸರಿಯಬಹುದು. ಪೊಲೀಸರು ಕೈ ಅಡ್ಡ ಮಾಡಿ ನಿಲ್ಲಿಸಿ, "ಎಮ್ಮಿ ಯಾರದ್ರಿ?" ಎಂದು ಕೇಳಬಹುದು. ನಾನು "ನನ್ನ ಹೆಂಡ್ತೀದು" ಅನ್ನಬಹುದು. "ಹೆಂಡ್ತಿ ಎಲ್ಲಿ?" ಎಂದು ಅವರು ಕೇಳಬಹುದು.

ಇಷ್ಟೂ ಗುರುಗುಂಟಾದ ನಮ್ಮ ಮನೆಯ ಕಟ್ಟೆಯ ಮೇಲೆ ಒಂದು ಕಪ್ ಚಹಾ ಆರುವುದರೊಳಗೆ ನನ್ನ ತಲೆಗೆ ಬಂದವು. ಇನ್ನೊಂದು ಕಪ್ ಇದ್ದಿದ್ದರೆ ಇನ್ನೂ ಬರುತ್ತಿದ್ದವು. ನಮ್ಮ ಕಡೆ ಇದಕ್ಕೆ ಫಿಕರ್ ಅನ್ನುತ್ತಾರೆ. ಬೇರೆಯವರಲ್ಲಿ ಫಿಕರ್ ಬಾಡಿಗೆಗೆ ಇದ್ದು ಹೋಗುತ್ತದೆ. ನನ್ನಲ್ಲಿ ಅದು ಸ್ವಂತ ಮನೆ ಕಟ್ಟಿಸಿಕೊಂಡಿದೆ. ಲಿಂಗಸುಗೂರಿನ ಕಚೇರಿಯೊಂದರಲ್ಲಿ ಗುಮಾಸ್ತ ನಾನು. ಸಂಜೆ ಬೀಗ ಹಾಕಿ ಬಸ್‌ಸ್ಟ್ಯಾಂಡಿನ ತನಕ ಬಂದು, ಬೀಗ ಹಾಕಿದೆನೋ ಇಲ್ಲವೋ ಎಂದು ತಿರುಗಿ ಹೋಗಿ ಜಗ್ಗಿ ನೋಡಿ ಬರುವವನು. ಜಗ್ಗಿದ್ದಕ್ಕೆ ಸಡಿಲಾಯಿತೇನೋ ಎಂದು ಮತ್ತೊಮ್ಮೆ ಹೋದದ್ದೂ ಉಂಟು.

ಆ ದಿನದ ಕೆಲಸ ಹಾಗೆ ನೋಡಿದರೆ ದೊಡ್ಡದೇನಲ್ಲ. ನನ್ನ ಹೆಂಡತಿ ನೀಲಮ್ಮ ಸಾಕಿದ ಎಮ್ಮೆ ಚಂದ್ರಿಯನ್ನು ನನ್ನ ಪಿಕಪ್ಪಿನಲ್ಲಿ ಹೇರಿಕೊಂಡು, ಲಿಂಗಸುಗೂರು, ಮಸ್ಕಿ, ಸಿಂಧನೂರು ದಾಟಿ, ಸಾಲಗುಂದದ ಅವಳ ತವರುಮನೆಗೆ ಮುಟ್ಟಿಸಿ ಬರುವುದು. ನೀಲಮ್ಮ ತೀರಿಕೊಂಡು ವರ್ಷ ದಾಟಿತ್ತು. ಎಮ್ಮೆಯೂ ಆ ಮನೆಯದೇ. ಮದುವೆಯಲ್ಲಿ ಅವಳ ಅವ್ವ ಕೊಟ್ಟ ಎಮ್ಮೆಯ ಪೀಳಿಗೆ. ಹಣೆಯ ಮೇಲೆ ಬಿಳಿ ಚುಕ್ಕೆ ಇದ್ದದ್ದಕ್ಕೆ ನೀಲಮ್ಮ ಚಂದ್ರಿ ಎಂದು ಹೆಸರಿಟ್ಟಿದ್ದಳು.

ಗುಮಾಸ್ತನಿಗೆ ಪಿಕಪ್ ಯಾಕೆ ಎಂದು ನೀವು ಕೇಳುತ್ತೀರಿ. ಎಲ್ಲರೂ ಕೇಳಿದ್ದಾರೆ. ನೀಲಮ್ಮ ನಾಲ್ಕೈದು ಎಮ್ಮೆ ಕಟ್ಟಿ ಹಟ್ಟಿಯ ಕಂಪನಿ ಕ್ವಾರ್ಟರ್ಸಿಗೆ ಹಾಲು ಹಾಕುತ್ತಿದ್ದಳು. ಚಿನ್ನದ ಗಣಿಯ ಮುಂಜಾನೆ ಪಾಳಿಯವರು ಚಹಾ ಕುಡಿಯದೆ ಕೆಳಗಿಳಿಯುವುದಿಲ್ಲ, ಅವರ ಚಹಾಕ್ಕೆ ನಮ್ಮ ಹಾಲು ಮುಟ್ಟಬೇಕು. ಅದಕ್ಕಾಗಿ ಒಂದು ಹಳೆಯ ಪಿಕಪ್ ತೆಗೆದುಕೊಂಡೆವು. ಕಚೇರಿಗೆ ಹೋಗುವ ಮೊದಲು ನಾನು ಓಡಿಸುವುದು, ಅವಳು ಪಕ್ಕದಲ್ಲಿ ಸಣ್ಣ ಕ್ಯಾನನ್ನು ಎರಡು ಪಾದಗಳ ನಡುವೆ ಹಿಡಿದು ಕೂಡುವುದು. ಗಾಡಿ ಕೊಳ್ಳುವ ಮೊದಲು ನಾನು ಊಟವಾದ ಮೇಲೆ ಫೋನಿನಲ್ಲಿ ಪಿಕಪ್ಪುಗಳ ವಿಡಿಯೋ ನೋಡಿ ನೋಡಿ ಅರ್ಧ ಎಂಜಿನಿಯರ್ ಆಗಿದ್ದೆ. ಹಾರ್ಸ್ ಪವರ್ ಎಷ್ಟಿದ್ದರೇನು, ಕೆಳಗಿನ ಗೇರಿನಲ್ಲಿ ಟಾರ್ಕ್ ಬೇಕು. ಭಾರ ಎಳೆಯುವುದು ಟಾರ್ಕು, ಹಾರ್ಸ್ ಪವರ್ ಬರೀ ಜಂಬ. ಹೀಗೆಲ್ಲ ಅವಳೆದುರು ಹೇಳುತ್ತಿದ್ದೆ. ನಾನಾದರೂ ಗಾಡಿಯನ್ನು ನಲವತ್ತರ ಮೇಲೆ ಓಡಿಸಿದವನಲ್ಲ.

ನೀಲಮ್ಮ ರೊಟ್ಟಿ ಬಡಿಯುವುದು ನಿಲ್ಲಿಸದೆ, "ನಿಮ್ಮ ಟಾರ್ಕು ಗೀರ್ಕು ನನಗ ತಿಳಿಯಂಗಿಲ್ಲ. ಹಟ್ಟಿ ಮುಟ್ಟೂದ್ರಾಗ ಹಾಲು ಕ್ಯಾನಿನಾಗ ಇರ್ತಾವೋ ಅರಿವ್ಯಾಗ ಇರ್ತಾವೋ, ಅಷ್ಟು ಹೇಳ್ರಿ" ಎಂದಿದ್ದಳು.

ಅರಿವೆ ಎಂದರೆ ಕ್ಯಾನಿನ ಬಾಯಿಗೆ ಕಟ್ಟುತ್ತಿದ್ದ ಬಟ್ಟೆ. ಅವಳ ಪರೀಕ್ಷೆ ಅದೊಂದೇ. ಹಟ್ಟಿ ಮುಟ್ಟಿದ ಮೇಲೆ ಅರಿವೆ ಒಣಗಿದ್ದರೆ ಗಾಡಿ ಒಳ್ಳೆಯದು, ಓಡಿಸಿದವನೂ ಒಳ್ಳೆಯವನು. ಒದ್ದೆಯಾಗಿದ್ದರೆ ಇಬ್ಬರೂ ದಂಡ. ಕಂಪನಿಗಳವರು ಸಸ್ಪೆನ್ಶನ್ ಬಗ್ಗೆ ಏನೇನೋ ಬರೆಯುತ್ತಾರೆ. ಯಾರೂ ಹಾಲಿನ ಅರಿವೆಯ ವಿಷಯ ಬರೆದದ್ದನ್ನು ನಾನು ಕಂಡಿಲ್ಲ. ನಲವತ್ತರ ಮೇಲೆ ಓಡಿಸುವುದು ನಾನು ಕಲಿಯದೇ ಉಳಿದದ್ದಕ್ಕೆ ನನ್ನ ಫಿಕರ್ ಅರ್ಧ ಕಾರಣ, ಆ ಅರಿವೆ ಅರ್ಧ.

ಮೂರನೆಯ ಅಭಿಪ್ರಾಯ ನೀಲಮ್ಮನ ತಮ್ಮ ಮೌನೇಶನದು. ಹೆಸರು ಮೌನೇಶ, ಮಾತು ಶುರು ಮಾಡಿದರೆ ಕಾಲುವೆಗೆ ನೀರು ಬಿಟ್ಟ ಹಾಗೆ. ಸಾಲಗುಂದದ ಹೊರಗೆ, ಹೊಲದಲ್ಲೇ ಅವರ ಮನೆ, ಭತ್ತ ಬೆಳೆಯುವವನು. ಅವನ ಲೆಕ್ಕದಲ್ಲಿ ನಾನು ಓಡಿಸುವುದು ಗಾಡಿಯೇ ಅಲ್ಲ, ಏಕೆಂದರೆ ನಾನು ಓಡಿಸುವುದು ಮಸಾರಿಯಲ್ಲಿ. ಗುರುಗುಂಟಾ, ಲಿಂಗಸುಗೂರಿನ ಕಡೆಯ ಕೆಂಪು ನೆಲಕ್ಕೆ ಮಸಾರಿ ಅನ್ನುತ್ತೇವೆ. ಕಲ್ಲು ಹೆಚ್ಚು, ಮಳೆ ಬಿದ್ದರೂ ತಾಸೆರಡು ತಾಸಿನಲ್ಲಿ ನಡೆದಾಡಬಹುದು. ಅವನದು ಎರಿ, ಕರಿಯ ನೆಲ. ಒಣಗಿದಾಗ ಪಾದ ಹಿಡಿಸುವಷ್ಟು ಬಿರುಕು ಬಿಡುತ್ತದೆ. ನೆನೆದರೆ ಗಾಲಿಗೆ ಮೆತ್ತಿ, ಮೆತ್ತಿದ್ದರ ಮೇಲೆ ಮೆತ್ತಿ, ಮಡ್‌ಗಾರ್ಡ್ ತುಂಬಿ, ಕಡೆಗೆ ಗಾಲಿ ತಿರುಗುವುದನ್ನೇ ನಿಲ್ಲಿಸಿಬಿಡುತ್ತದೆ. ಮಳೆಗಾಲ ಬಂತೆಂದರೆ ಅಲ್ಲಿಯವರು ಬೈಕಿನ ಮುಂದಿನ ಮಡ್‌ಗಾರ್ಡ್ ಬಿಚ್ಚಿ ಮನೆಯ ಮೂಲೆಗಿಡುತ್ತಾರೆ.

"ಮಾಮಾ, ನಿನ್ನ ಮಸಾರಿಯಾಗ ಕತ್ತೆನೂ ಓಡ್ತೈತಿ," ಅನ್ನುತ್ತಿದ್ದ. "ಗಾಡಿ ಅಂದ್ರ ಎರಿಯಾಗ ಓಡಿ ತೋರಿಸಬೇಕು."

"ಅದು ಓಡೂದಲ್ಲೋ, ಈಸೂದು," ಅನ್ನುತ್ತಿದ್ದೆ ನಾನು.

"ಈಸಾಕರ ಬರಬೇಕಲ್ಲ ನಿನ್ನ ಗಾಡಿಗೆ!"

ನನ್ನದೊಂದು ಚಟ: ಗಾಡಿ ನಿಲ್ಲಿಸಿದರೆ ಹ್ಯಾಂಡ್ ಬ್ರೇಕ್ ಹಾಕಿ, ಗೇರಿನಲ್ಲಿ ಬಿಟ್ಟು, ಮೇಲೆ ಹಿಂದಿನ ಗಾಲಿಗೆ ಒಂದು ಕಲ್ಲು ಕೊಡುವುದು. ನೆಲ ತಟ್ಟೆಯಂತಿದ್ದರೂ ಸರಿ. ಎರಿ ಸೀಮೆಯಲ್ಲಿ ಹುಡುಕಿದರೂ ಕಲ್ಲು ಸಿಗುವುದಿಲ್ಲ, ಹಾಗಾಗಿ ಸಾಲಗುಂದಕ್ಕೆ ಹೋಗುವಾಗ ನಮ್ಮೂರಿನದೇ ಒಂದು ಕಲ್ಲನ್ನು ಸೀಟಿನ ಕೆಳಗೆ ಇಟ್ಟುಕೊಂಡು ಹೋಗುತ್ತಿದ್ದೆ. ಮೌನೇಶ ಅದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಅಂಗಳದಲ್ಲಿ ಕೂಗುತ್ತಿದ್ದ: "ಅವ್ವಾ, ಬಾ ಇಲ್ಲಿ! ಅಳಿಯ ಉಡುಗೊರಿ ತಂದಾನ ನೋಡು!"

ಇಂಥ ಮಾತುಗಳಿಗೆ ಹೊತ್ತು ಸಿಗುತ್ತಿದ್ದದ್ದು ನನ್ನ ಗಾಡಿ ಸಿಕ್ಕಿಬೀಳುತ್ತಿದ್ದುದರಿಂದ. ಮದುವೆಯಾದ ವರ್ಷ ಬಾಡಿಗೆ ಟೆಂಪೋದಲ್ಲಿ ಹೋಗಿದ್ದೆವು, ಮಳೆಗಾಲ. ಊರಿನ ರಸ್ತೆ ಬಿಟ್ಟು ಅವರ ಹೊಲದ ದಾರಿಗೆ ಇಳಿದದ್ದೇ ತಡ, ಟೆಂಪೋ ಕುಂಡಿ ಊರಿ ಕೂತುಬಿಟ್ಟಿತು. ಮೌನೇಶ ಟ್ರ್ಯಾಕ್ಟರ್ ತಂದು ಎಳೆದ. ಮನೆ ಮುಟ್ಟಿದೆವು, ಸರಿ; ಆದರೆ ತಿರುಗಿ ಹೋಗುವುದು? "ಎರಿ ಆರಲಿ" ಎಂದರು. ಎರಿ ಆರಬೇಕಾದರೆ ಬಿಸಿಲು ಬೀಳಬೇಕು, ಗಾಳಿ ಬೀಸಬೇಕು. ಬಿಸಿಲು ಬಿದ್ದರೆ ಮತ್ತೆ ಮೋಡ ಆಗುತ್ತಿತ್ತು. ಟೆಂಪೋದವ ಚಡಪಡಿಸುತ್ತಿದ್ದ, ರಜೆ ಮುಗಿಯುತ್ತದೆಂದು ನಾನು ಚಡಪಡಿಸುತ್ತಿದ್ದೆ, ಒಳಗೆ ಅತ್ತೆ ಇನ್ನೊಂದು ಸೇರು ಜೋಳ ಹಸನು ಮಾಡುತ್ತಿದ್ದಳು. ಆಮೇಲೆ ನಮ್ಮದೇ ಪಿಕಪ್ ಬಂತು, ಅದೂ ವರ್ಷಕ್ಕೊಮ್ಮೆ ಅದೇ ದಾರಿಯಲ್ಲಿ ಸಿಕ್ಕಿಬಿತ್ತು. ಮಣ್ಣು ಆರುವ ತನಕ ನಾನೂ ಮೌನೇಶನೂ ಪಡಸಾಲೆಯಲ್ಲಿ ಭತ್ತದ ಚೀಲಗಳ ಮೇಲೆ ಕೂತು ಎಂಜಿನ್ನುಗಳ ಜಗಳ ಆಡುವುದು. ಒಳಗಿನಿಂದ ನೀಲಮ್ಮ, "ಇಬ್ರಿಗೂ ಒಂದೊಂದು ಸ್ಟೇರಿಂಗ್ ಕೊಡ್ರಿ, ಅಲ್ಲೇ ಕುಂತು ತಿರುವ್ಲಿ" ಎಂದು ಕೂಗುವುದು. ಅವಳು ತವರಿನಲ್ಲಿ ನಗುತ್ತಿದ್ದ ನಗೆ ಬೇರೆ ಇತ್ತು. ಗುರುಗುಂಟಾದಲ್ಲಿ ಅಷ್ಟು ಜೋರು ನಗುತ್ತಿರಲಿಲ್ಲ.

ಈಚೆಗೆ ಒಬ್ಬನ ವಿಡಿಯೋ ನೋಡುತ್ತೇನೆ. ನಾಲ್ಕೂ ಗಾಲಿ ತಿರುಗುವ ದೊಡ್ಡ ಪಿಕಪ್ಪನ್ನು ಗುಡ್ಡ ಹತ್ತಿಸುತ್ತಾನೆ, ಹಳ್ಳ ದಾಟಿಸುತ್ತಾನೆ, ಬಂಡೆಯ ಮೇಲೆ ಒಂದು ಗಾಲಿ ಎತ್ತಿ ನಾಯಿಯಂತೆ ನಿಲ್ಲಿಸುತ್ತಾನೆ. ನೋಡಿ ನೋಡಿ ತಡೆಯಲಾರದೆ ಒಮ್ಮೆ ಕೆಳಗೆ ಬರೆದೆ: 'ಇದನ್ನೆಲ್ಲ ಬಿಡಿ, ಮಳೆ ಆದ ಮರುದಿನ ಎರಿಯಲ್ಲಿ ಓಡಿಸಿ ತೋರಿಸಿ.' ಯಾರೋ ಕೇಳಿದರು, 'ಎರಿ ಅಂದ್ರೆ ಯಾವ ಊರು ಸರ್?' ಉತ್ತರ ಬರೆಯಲು ಕೂತೆ. ಬರೆಯುತ್ತ ಬರೆಯುತ್ತ ಅದು ಮಣ್ಣನ್ನು ಬಿಟ್ಟು ಮೌನೇಶನ ಕಡೆಗೆ, ಪಡಸಾಲೆಯ ಕಡೆಗೆ ಹೊರಟಿತು. ಅಳಿಸಿದೆ. ಅವರಿಗೆ ಈಗಲೂ ಎರಿ ಒಂದು ಊರೇ.

ನೀಲಮ್ಮ ಹೋದ ಮೇಲೆ ಉಳಿದ ಎಮ್ಮೆಗಳನ್ನು ಕೊಟ್ಟುಬಿಟ್ಟೆ, ಚಂದ್ರಿಯನ್ನು ಮಾತ್ರ ಕೊಡಲಾಗಲಿಲ್ಲ. ಕೊಡಲಿಲ್ಲವೆಂದು ಚಂದ್ರಿ ಉಪಕಾರವನ್ನೇನೂ ಇಟ್ಟುಕೊಳ್ಳಲಿಲ್ಲ. ಅವಳು ನೀಲಮ್ಮನ ಕೈಗಷ್ಟೇ ಹಾಲಿಳಿಸುವವಳು. ನಾನು ಹತ್ತಿರ ಹೋದರೆ ಬಕೆಟ್ ಒಂದು ಕಡೆ, ನಾನೊಂದು ಕಡೆ. ಕಡೆಗೆ ಯಾರೋ ಹೇಳಿದರೆಂದು ನೀಲಮ್ಮನ ಹಳೆಯ ಸೀರೆಯೊಂದನ್ನು ಪ್ಯಾಂಟಿನ ಮೇಲೆ ಸುತ್ತಿಕೊಂಡು, ತಲೆಯ ಮೇಲೆ ಸೆರಗು ಹೊದ್ದು ಕೂತೆ. ಚಂದ್ರಿ ತಿರುಗಿ ಮೂಸಿದಳು. ಇನ್ನೊಮ್ಮೆ ಮೂಸಿದಳು. ಆಮೇಲೆ ತಂಬಿಗೆಯ ತಳ ಮುಚ್ಚುವಷ್ಟು ಇಳಿಸಿದಳು, ದಯೆಯಿಂದ ಇರಬೇಕು.

ಗೋಡೆಯ ಆಚೆಯಿಂದ ಪಕ್ಕದ ಮನೆಯ ಹುಸೇನಪ್ಪ ಇಣುಕಿದ. ಕುರಿ ಕಾಯುವವನು, ನಸುಕಿಗೇ ಎದ್ದಿರುತ್ತಾನೆ. "ಏನ್ರಿ ಸಾಹೇಬ್ರ! ನೀಲಮ್ಮಕ್ಕನ ತಂಗಿ ಬಂದಾಳೇನೋ, ಮಾತಾಡ್ಸೂಣು ಅಂತ ಬಂದ್ನಿ!"

ಇಬ್ಬರೂ ಹೊಟ್ಟೆ ಹಿಡಿದು ನಕ್ಕೆವು. ನಕ್ಕು ಮುಗಿದ ಮೇಲೆ ಇಬ್ಬರಿಗೂ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಹುಸೇನಪ್ಪ ಕುರಿಗಳ ಕಡೆ ಹೋದ. ನಾನು ಎಮ್ಮೆ ಬತ್ತುವ ತನಕ ದಿನವೂ ಅದೇ ಸೀರೆ ಸುತ್ತಿಕೊಂಡು ಕೂತೆ. ಅದನ್ನು ತೊಳೆಯಲಿಲ್ಲ, ತೊಳೆದರೆ ಎಮ್ಮೆಗೆ ವಾಸನೆ ಹತ್ತಲಿಕ್ಕಿಲ್ಲ ಎಂದು. ಎಮ್ಮೆಗೆ ಅಂತಲೇ ಇಟ್ಟುಕೊಳ್ಳಿ.

ಈಗ ಚಂದ್ರಿ ಗಬ್ಬ. ಈಯುವ ಹೊತ್ತಿಗೆ ನಾನು ಕಚೇರಿಯಲ್ಲಿದ್ದರೆ? ಮನೆಯಲ್ಲೇ ಇದ್ದರೆ? ಎರಡನೆಯದೇ ಹೆಚ್ಚು ಅಪಾಯ. ಮೌನೇಶನಿಗೆ ಫೋನ್ ಮಾಡಿದೆ, "ತಂದುಬಿಡ್ರಿ ಮಾಮಾ" ಎಂದ.

'ತಂದುಬಿಡ್ರಿ.' ಅಕ್ಕ ಹೋದ ಮೇಲೆ ಅವನು ನನ್ನೊಂದಿಗೆ ಹೀಗೆ 'ರಿ' ಹಚ್ಚಿ ಮಾತಾಡುತ್ತಾನೆ. ಬೈಯುವುದಿಲ್ಲ. ವಾರಕ್ಕೊಮ್ಮೆ ಫೋನು ಬರುತ್ತದೆ. "ಎಮ್ಮಿ ಹೆಂಗೈತ್ರಿ?" "ಚೊಲೋ ಐತಿ." "ಮೇವು?" "ಐತಿ." "ಆತು ಬಿಡ್ರಿ ಮಾಮಾ." ಅಷ್ಟೇ. ನಮಗೆ ಮಕ್ಕಳಿಲ್ಲ. ಇದ್ದಿದ್ದರೆ ಅವು ಆ ಮನೆಯ ಮೊಮ್ಮಕ್ಕಳಾಗಿ, ನಾನು ಅವುಗಳ ಬೆನ್ನಿಗೆ ಹತ್ತಿಕೊಂಡು ಹೋಗಿ ಬರುತ್ತಿದ್ದೆ. ಈಗ ಆ ಮನೆಗೂ ನನಗೂ ನಡುವೆ ಇದ್ದದ್ದು ಈ ಎಮ್ಮೆಯೊಂದೇ. ಅದನ್ನೂ ಇಳಿಸಿ ಬಂದರೆ ಮುಂದಿನ ವಾರ ಅವನು ಏನೆಂದು ಕೇಳುತ್ತಾನೆ? ನಾನು ಯಾವ ನೆಪದಲ್ಲಿ ಹೋಗುತ್ತೇನೆ? ಟೈರು, ಜಾಕು, ಪೊಲೀಸರು ಎಂದೆಲ್ಲ ಎಣಿಸುತ್ತ ಕೂತದ್ದು ಇದೊಂದನ್ನು ಎಣಿಸಬಾರದೆಂಬ ಕಾರಣಕ್ಕೇ ಎಂದು ಈಗ ಅನ್ನಿಸುತ್ತದೆ.

ಹುಸೇನಪ್ಪ ಬಂದ. ಪಿಕಪ್ಪನ್ನು ತಿಪ್ಪೆಯ ದಿಬ್ಬಕ್ಕೆ ಹಿಮ್ಮುಖ ಹಚ್ಚಿ, ಹಿಂದಿನ ಬಾಗಿಲು ಇಳಿಸಿ, ಕಾಲು ಜಾರದಂತೆ ಮರಳು ಹರವಿ, ಮೇಲೆ ಜೋಳದ ಸೊಪ್ಪೆ ಹಾಸಿದೆವು. ಚಂದ್ರಿ ಒಮ್ಮೆ ನನ್ನ ಮುಖ ನೋಡಿ, ಮದುಮಗಳು ಕಾರು ಹತ್ತುವಂತೆ ಹತ್ತಿ ನಿಂತಳು. ಹಾರಲಿಲ್ಲ, ಕೂಡಲಿಲ್ಲ. ನಾನು ಹಗ್ಗ ಎಳೆದೆಳೆದು ನೋಡುತ್ತಿದ್ದೆ. "ಸಾಕು ಬಿಡ್ರಿ ಸಾಹೇಬ್ರ, ಹಗ್ಗ ಹರೀತೈತಿ" ಎಂದ ಹುಸೇನಪ್ಪ.

ಲಿಂಗಸುಗೂರು ದಾಟುವವರೆಗೆ ಕನ್ನಡಿಯಲ್ಲಿ ನನ್ನ ಕಣ್ಣು, ಎಮ್ಮೆಯ ಕಣ್ಣು. ಭಾರದ ಗಾಡಿ ಓಡಿಸುವ ಸುಖವೇ ಬೇರೆ ಎಂದು ಇಲ್ಲಿ ಹೇಳಿಬಿಡುತ್ತೇನೆ. ಪಿಕಪ್ಪಿನ ಎಂಜಿನ್ ಮುಂದೆ, ಎಳೆಯುವ ಗಾಲಿಗಳು ಹಿಂದೆ. ಖಾಲಿ ಇದ್ದರೆ ಹಿಂಭಾಗ ಹಗುರವಾಗಿ ಬಾಲ ಆಡಿಸುತ್ತದೆ, ಗುಂಡಿ ಕಂಡರೆ ಕುಪ್ಪಳಿಸುತ್ತದೆ, ಕೆಸರಿನಲ್ಲಿ ಗಾಲಿ ಸುಮ್ಮನೆ ತಿರುಗುತ್ತದೆ. ಮೇಲೆ ಭಾರ ಬಿದ್ದರೆ ನೆಲ ಹಿಡಿದು ಗಂಭೀರವಾಗಿ ಹೋಗುತ್ತದೆ. ವರ್ಷದಿಂದ ನಾನು ಓಡಿಸಿದ್ದು ಖಾಲಿ ಗಾಡಿಯನ್ನೇ. ಹಾಲಿಲ್ಲ, ಕ್ಯಾನಿಲ್ಲ. ಆದರೂ ರವಿವಾರ ಹಟ್ಟಿಯ ತನಕ ಸುಮ್ಮನೆ ಹೋಗಿ ಬರುತ್ತಿದ್ದೆ, ಬ್ಯಾಟರಿ ಇಳಿದೀತೆಂದು.

ಮಸ್ಕಿಯಲ್ಲಿ ಮಂಡಕ್ಕಿಯ ಒಗ್ಗರಣಿ, ಮಿರ್ಚಿ ತಿನ್ನಲು ನಿಲ್ಲಿಸಿದೆ. ಬೆಂಚಿನ ಮೇಲಿದ್ದ ಟೊಪ್ಪಿಗೆಯವನೊಬ್ಬ ಗಾಡಿಯನ್ನು ಸುತ್ತು ಹಾಕಿ ಬಂದು, "ಎಂಜಿನ್ ಹೆಂಗೈತ್ರಿ?" ಎಂದು ಕೇಳಿದ. ಕೇಳಬಾರದಿತ್ತು. ಎಷ್ಟೋ ತಿಂಗಳಿಂದ ಯಾರೂ ಕೇಳಿರಲಿಲ್ಲ. ಎರಡನೇ ಗೇರಿನಿಂದ ಶುರು ಮಾಡಿ ಡಿಫರೆನ್ಶಿಯಲ್ ತನಕ ಹೇಳಿದೆ; ಅವನ ಮಿರ್ಚಿ ಆರಿಹೋಯಿತು.

"ನಮ್ಮಣ್ಣನ ಗಾಡಿ ಇದಕ್ಕಿಂತ ಚೊಲೋ ಎಳೀತೈತಿ" ಎಂದ ಅವನು, ತಪ್ಪಿಸಿಕೊಳ್ಳಲು.

"ಎಲ್ಲಿ ಎಳೀತೈತಿ? ಮಸಾರಿಯಾಗೇನು? ಮಸಾರಿಯಾಗ ಕತ್ತೆನೂ ಎಳೀತೈತಿ. ಎರಿಯಾಗ ಎಳಿಯಾಕ ಹೇಳು!"

ಹೇಳಿದ ಮೇಲೆ ಮಿರ್ಚಿ ಕೈಯಲ್ಲೇ ಉಳಿಯಿತು. ಹುಟ್ಟು ಮಸಾರಿಯವನ ಬಾಯಲ್ಲಿ ಮೌನೇಶನ ಮಾತು. ಅವನು ನನಗೆ ಹೇಳುವುದನ್ನು ಬಿಟ್ಟ ಮೇಲೆ, ನಾನೇ ಊರವರಿಗೆ ಹೇಳುತ್ತ ತಿರುಗುತ್ತಿದ್ದೇನೆ.

ಮಸ್ಕಿ ದಾಟಿದ ಮೇಲೆ ಗುಡ್ಡ ಹಿಂದೆ ಬೀಳುತ್ತದೆ, ನೆಲ ಕಪ್ಪಾಗುತ್ತ ಹೋಗುತ್ತದೆ. ಆಮೇಲೆ ಕಾಲುವೆ, ಗದ್ದೆ, ಆಂಧ್ರದಿಂದ ಬಂದವರ ಕ್ಯಾಂಪುಗಳು, ತೆಲುಗು ಬೋರ್ಡಿನ ಗೊಬ್ಬರದ ಅಂಗಡಿಗಳು. ಹಿಂದಿನ ದಿನ ಮಳೆಯಾಗಿತ್ತು, ಗದ್ದೆಯ ಬದುಗಳ ಮೇಲೆ ಬೆಳ್ಳಕ್ಕಿ ಕೂತಿದ್ದವು. ಸುಳ್ಳು ಯಾಕೆ ಹೇಳಲಿ, ಮಳೆಯಾದದ್ದು ನನಗೆ ಗೊತ್ತಿತ್ತು. ಫೋನಿನಲ್ಲಿ ಹವಾಮಾನ ನೋಡದೆ ಮನೆಯ ಬಾಗಿಲು ದಾಟದವನು, ಸಿಂಧನೂರಿನ ಮೇಲೆ ಮೋಡದ ಚಿತ್ರ ನೋಡಿಯೇ ಆ ದಿನ ಆರಿಸಿದ್ದೆ. ಗಾಡಿ ಸಿಕ್ಕಿಬೀಳಲಿ. ಟ್ರ್ಯಾಕ್ಟರ್ ಬರಲಿ. ಮಣ್ಣು ಆರುವ ತನಕ ಇರಬೇಕಾಗಲಿ. ಜೀವಮಾನವೆಲ್ಲ ಕೆಟ್ಟದ್ದು ಆಗದಿರಲೆಂದು ಬೇಡಿದವನು, ಒಂದೇ ಒಂದು ಕೆಟ್ಟದ್ದು ಆಗಲೆಂದು ಬೇಡುತ್ತಿದ್ದೆ.

ಸಾಲಗುಂದದ ಒಳಗೆಲ್ಲ ಈಗ ಸಿಮೆಂಟ್ ರಸ್ತೆ. ಅದು ಮುಗಿದ ಮೇಲೆ ಮನೆಯವರೆಗಿನ ಹೊಲದ ದಾರಿ ಮಾತ್ರ ಹಾಗೇ ಇತ್ತು, ಕರ್ರಗೆ ಹೊಳೆಯುತ್ತ. ಖುಷಿಯಿಂದ ಇಳಿಸಿದೆ. ಗಾಡಿ ಹೋಯಿತು. ಬಾಲ ಆಡಿಸಲಿಲ್ಲ, ಕೂಡಲಿಲ್ಲ. ಎಮ್ಮೆಯ ಭಾರ ಹಿಂದಿನ ಗಾಲಿಯ ಮೇಲೆ ಕೂತು, ಗಾಲಿ ನೆಲ ಕಚ್ಚಿ, ವಿಡಿಯೋದವನ ಗಾಡಿಯ ಹಾಗೆ ಅಂಗಳದ ತನಕ ಸರಾಗ ಹೋಗಿ ನಿಂತಿತು. ಇಷ್ಟು ವರ್ಷ ಈ ಗಾಡಿಯಿಂದ ನಾನು ಬಯಸಿದ್ದ ಪರಾಕ್ರಮ ಇದೇ. ಸ್ಟೇರಿಂಗಿಗೆ ಒಂದು ಗುದ್ದು ಕೊಟ್ಟೆ.

ಚಂದ್ರಿ ಇಳಿದಳು. ಅತ್ತೆ ಬಂದು ಅದರ ಹಣೆಯ ಚುಕ್ಕೆಯ ಮೇಲೆ ಕೈಯಿಟ್ಟು, "ಬಂದ್ಯಾ ನನ್ನವ್ವಾ, ಬಂದ್ಯಾ" ಎಂದು ಅದರ ಕುತ್ತಿಗೆಗೆ ಮುಖ ಒತ್ತಿದಳು. ನಾನು ಹಗ್ಗ ಹಿಡಿದುಕೊಂಡು ಬೇರೆ ಕಡೆ ನೋಡುತ್ತಿದ್ದೆ. ಮೌನೇಶ ಹಗ್ಗ ತೆಗೆದುಕೊಂಡ. ಕಿವಿಯ ಹತ್ತಿರ ಕೂದಲು ನೆರೆತಿದ್ದವು ಅವನಿಗೆ.

"ಬರ್ರಿ ಮಾಮಾ. ದಾರಿ ತ್ರಾಸ ಆಗ್ಲಿಲ್ಲಲ್ಲ?"

"ಇಲ್ಲ."

"ಚೊಲೋ ಆತ್ರಿ."

ಒಳಗಿನಿಂದ ಕೆಂಪು ಪ್ಲಾಸ್ಟಿಕ್ ಕುರ್ಚಿ ತಂದು, ಹೆಗಲ ಟವೆಲ್ಲಿನಿಂದ ಒರೆಸಿ ಪಡಸಾಲೆಯಲ್ಲಿ ಹಾಕಿದ. ಪಕ್ಕದಲ್ಲೇ ಗೋಡೆಗೆ ಹೊಂದಿಸಿ ಚೀಲಗಳಿದ್ದವು. ಆ ಮನೆಯಲ್ಲಿ ಕುರ್ಚಿಯ ಮೇಲೆ ನಾನು ಕೂತದ್ದು ಅದೇ ಮೊದಲು. ಕುರ್ಚಿಗೆ ಕೂಡುವವರು ಬೇರೆ. ಬ್ಯಾಂಕಿನವರು, ಕೃಷಿ ಇಲಾಖೆಯವರು. ಚಹಾ ತಟ್ಟೆಯಲ್ಲಿಟ್ಟು ಬಂತು, ಜೊತೆಗೆ ಬಿಸ್ಕೀಟು. ಗಾಡಿ ಎಷ್ಟು ಮೈಲೇಜ್ ಕೊಡುತ್ತದೆ, ಟೈರು ಬದಲಿಸಿದೆನೋ ಇಲ್ಲವೋ, ಯಾವುದನ್ನೂ ಅವನು ಕೇಳಲಿಲ್ಲ. ನಾನೇ ಕೆದಕಿದೆ.

"ಈ ಸಲ ಸಿಕ್ಕಿಬೀಳಲಿಲ್ಲ ನೋಡು ನನ್ನ ಗಾಡಿ."

"ಹೌದ್ರಿ, ಚೊಲೋ ಬಂತ್ರಿ."

ಆ 'ಹೌದ್ರಿ'ಗಿಂತ ಅವನು ಬಾಯಿಗೆ ಬಂದಂತೆ ಬೈದಿದ್ದರೆ ಚೆನ್ನಾಗಿತ್ತು. ಅವನೂ ನೆಲವನ್ನೇ ನೋಡುತ್ತಿದ್ದ. ನನ್ನ ಮುಖ ನೋಡಿದರೆ ಅವನಿಗೆ ಅಕ್ಕ ಕಾಣುತ್ತಿದ್ದಳೋ ಏನೋ. ಅವನನ್ನು ನೋಡಿದರೆ ನನಗೆ ಕಾಣುತ್ತಿದ್ದಳು, ಆ ಮೂಗು ಅವಳದೇ.

ಊಟವಾಯಿತು. ರೊಟ್ಟಿ, ಪುಂಡಿಪಲ್ಯ, ಅನ್ನ. ಕೈ ತೊಳೆದು ಬಂದು ಮತ್ತೆ ಅದೇ ಕುರ್ಚಿಯಲ್ಲಿ ಕೂತೆ, ಎದ್ದರೆ ಹೊರಟ ಹಾಗೇ ಆಗಿಬಿಡುತ್ತದೆಂದು. ಇರು ಎಂದು ಯಾರಾದರೂ ಅಂದಾರೆಂದು ಕಾದೆ. ಕೊಟ್ಟಿಗೆಯಲ್ಲಿ ಚಂದ್ರಿ ಹಸಿ ಹುಲ್ಲಿಗೆ ಬಾಯಿ ಹಾಕಿದ್ದಳು, ಒಮ್ಮೆಯೂ ಈ ಕಡೆ ತಿರುಗಲಿಲ್ಲ. ಮೌನೇಶ ಅಂಗಳಕ್ಕಿಳಿದು ಪಡುವಲ ಆಕಾಶ ನೋಡಿದ.

"ಮಾಮಾ, ಮೋಡ ಆಗೈತ್ರಿ. ಮಳಿ ಬರೂದ್ರಾಗ ದಾಟಿಬಿಡ್ರಿ. ನಾಳಿಗೆ ನಿಮಗ ಕಚೇರಿ ಇರ್ತೈತಿ."

"ಹೌದು, ಕಚೇರಿ ಇರ್ತೈತಿ" ಎಂದೆ.

ನನಗೊಂದು ಆಸೆ ಇನ್ನೂ ಉಳಿದಿತ್ತು. ಬರುವಾಗ ಎಮ್ಮೆ ಇತ್ತು, ಈಗ ಗಾಡಿ ಖಾಲಿ. ಖಾಲಿ ಪಿಕಪ್ ಆ ದಾರಿಯಲ್ಲಿ ನಾಲ್ಕು ಮಾರು ಹೋಗಲಾರದು. ಬಾಯಿ ಮುಚ್ಚಿಕೊಂಡು ಹೋಗಿ ಸ್ಟೇರಿಂಗ್ ಹಿಡಿದು ಕೂತೆ. ಅಷ್ಟರಲ್ಲಿ ಅತ್ತೆ ಬಾಗಿಲಿಗೆ ಬಂದಳು.

"ಏ ಮೌನೇಶ, ಖಾಲಿ ಗಾಡಿ ಐತಿ, ಹುಗೀತೈತಿ. ಹಿಂದ ಏನರ ಭಾರ ಹಾಕು."

ಇಷ್ಟು ವರ್ಷ ಆ ಮನೆಯಲ್ಲಿ ಕೂತು ನಾನೂ ಅವನೂ ಎಂಜಿನ್ನುಗಳ ಮಾತಾಡಿದ್ದು ಯಾರ ಕಿವಿಗೂ ಬೀಳುತ್ತಿಲ್ಲವೆಂದು ತಿಳಿದಿದ್ದೆ. ಮೌನೇಶ ಪಡಸಾಲೆಯಿಂದ ಮೂರು ಚೀಲ ಹೊತ್ತು ತಂದು, ಒಂದೊಂದನ್ನೇ ಸರಿಯಾಗಿ ಹಿಂದಿನ ಗಾಲಿಗಳ ಮೇಲೆ ಬರುವಂತೆ ಒಗೆದ. ಗಾಡಿ ಒಂದೊಂದು ಚೀಲಕ್ಕೂ ನಿಟ್ಟುಸಿರು ಬಿಟ್ಟು ಕೆಳಗಿಳಿಯಿತು. ಸಾಲದ್ದಕ್ಕೆ ತಾನೂ ಹತ್ತಿ, ಕ್ಯಾಬಿನ್ನಿನ ಹಿಂದಿನ ಕಂಬಿ ಹಿಡಿದು ನಿಂತ. "ಎರಡನೇ ಗೇರಿನಾಗ ಬಿಡ್ರಿ, ನಿಲ್ಲಿಸಬ್ಯಾಡ್ರಿ!"

ನಿಲ್ಲಿಸಲಿಲ್ಲ. ಒಂದು ಕಡೆ ಬಾಲ ಸ್ವಲ್ಪ ಹೊರಳಿತು. ಮೇಲೆ ಅವನು ಆ ಮಗ್ಗಲಿಗೆ ಜಿಗಿದು ಕಾಲು ಊರಿದ್ದು ಸೀಟಿಗೆ ಗೊತ್ತಾಯಿತು, ಗಾಡಿ ನೆಟ್ಟಗಾಯಿತು. ಹಿಂದೆ ಒಬ್ಬ ಮನುಷ್ಯ ಇದ್ದಾನೆ ಎಂಬುದು ಹೀಗೆ ಬೆನ್ನಿಗೆ ತಿಳಿದು ಎಷ್ಟು ದಿನವಾಗಿತ್ತು. ದಾರಿ ಇನ್ನೂ ಇರಲಿ ಅನ್ನಿಸಿತು. ಆದರೆ ಸಿಮೆಂಟ್ ರಸ್ತೆ ಬಂದೇಬಿಟ್ಟಿತು. ನಿಧಾನ ಮಾಡಿದೆ. ಅವನು ಕೆಳಗೆ ಹಾರಿದ ಸಪ್ಪಳ ಕೇಳಿತು, ಆಮೇಲೆ ಗಾಡಿಯ ಮೈಮೇಲೆ ಅಂಗೈಯಿಂದ ಎರಡು ಏಟು. ಒಂದು ಏಟಾದರೆ ನಿಲ್ಲು ಅಂತ; ಎರಡಾದರೆ ಹೋಗು. ಕನ್ನಡಿಯಲ್ಲಿ ಅವನು ಟವೆಲ್ಲಿನಿಂದ ಕಾಲಿನ ಎರಿ ಒರೆಸಿಕೊಳ್ಳುತ್ತಿದ್ದ. ಹೋದೆ.

ಸಿಂಧನೂರಿನ ತನಕ ಏನು ನೋಡಿದೆ ಎಂದು ಕೇಳಿದರೆ ಹೇಳಲಾರೆ. ಊರ ಹೊರಗಿನ ಪೆಟ್ರೋಲ್ ಬಂಕಿನ ಹತ್ತಿರ ಫೋನು ಬಂತು. ಓಡಿಸುತ್ತ ಫೋನು ಎತ್ತುವವನಲ್ಲ ನಾನು. ಬದಿಗೆ ಹಾಕಿ, ಇಂಡಿಕೇಟರ್ ಹಚ್ಚಿ, ಹ್ಯಾಂಡ್ ಬ್ರೇಕ್ ಎಳೆದು ಎತ್ತುವ ಹೊತ್ತಿಗೆ ನಿಂತು, ಮತ್ತೆ ಬಂತು. ಮೌನೇಶ.

"ಮಾಮಾ, ಎಲ್ಲಿದ್ದೀಯೋ?"

"ಸಿಂಧನೂರಾಗ. ಯಾಕ, ಎಮ್ಮಿಗೇನರ ಆತೇನು?"

"ಎಮ್ಮಿ ಸುಡ್ಲಿ! ಇಳಿದು ಹಿಂದ ನೋಡು."

ಟೈರೇ ಬಿಚ್ಚಿಕೊಂಡಿರಬೇಕೆಂದು ಇಳಿದೆ. ಗಾಲಿ ನಾಲ್ಕೂ ಇದ್ದವು. ಮೇಲೆ ಮೂರು ಚೀಲ.

"ನೋಡಿದ್ಯಾ? ಬೀಜದ ಭತ್ತ ಅದು! ಇವತ್ತ ನೆನಿ ಇಡಬೇಕು. ನಾಳಿಗೆ ಸಸಿ ಮಡಿಗೆ ಏನ್ ಮಣ್ಣು ಬಿತ್ಲೇನು? ದೊಡ್ಡ ಡ್ರೈವರ್ ಅಂತ, ಹಿಂದ ಏನೈತಿ ಏನಿಲ್ಲ ನೋಡೂದಿಲ್ಲ, ಕಣ್ಣೇನು ಗುರುಗುಂಟಿಯಾಗ ಇಟ್ಟು ಬಂದೀಯೇನು? ಹೊಳ್ಳಿಸು ಗಾಡಿ!"

ಹಿಂದಿನಿಂದ ಅತ್ತೆಯ ದನಿ ಬಂತು: "ಅವಸರ ಮಾಡಬ್ಯಾಡ, ಸಾವಕಾಶ ಬಾ ಅಂತ ಹೇಳೋ. ಸಂಜಿಗೆ ಏನು ಉಣ್ತಾನ ಕೇಳು."

"ಕೇಳಿಸ್ತೇನು?" ಎಂದ ಮೌನೇಶ.

"ಕೇಳಿಸ್ತು" ಎಂದೆ. ಮೊದಲ ಹನಿಗಳು ಚೀಲದ ಮೇಲೆ ಬೀಳತೊಡಗಿದ್ದವು. ತಾಡಪಾಲು ಹೊದಿಸಿ, ನಾಲ್ಕೂ ಮೂಲೆ ಬಿಗಿದು, ಗಾಡಿಯನ್ನು ಸಾಲಗುಂದದ ಕಡೆಗೆ ಹೊಳ್ಳಿಸಿದೆ.

ಅಷ್ಟೆಲ್ಲ ಆಗಬಹುದಾಗಿದ್ದ ದಿನದಲ್ಲಿ ಆದದ್ದು ಇದೊಂದೇ: ಮೂರು ಚೀಲ ಬೀಜದ ಭತ್ತವನ್ನು ಇಳಿಸುವುದು ಇಬ್ಬರಿಗೂ ಮರೆತುಹೋಗಿತ್ತು. ಇಬ್ಬರಿಗೂ ಎಂದೆ. ನನಗಂತೂ ನಿಜವಾಗಿ ಮರೆತಿತ್ತು. ಚೀಲದ ಪಕ್ಕದಲ್ಲೇ ನಿಂತು ಬಂದು, ಇಳಿದು, ಎರಡು ಏಟು ಹಾಕಿದವನಿಗೆ ಹೇಗೆ ಮರೆಯಿತೋ, ನಾನು ಕೇಳಿಲ್ಲ.